ಕಫ ತೆಗೆಯುವ ಸಾಧನ ನಿಮ್ಮ ಎದೆಗೆ ಒಗ್ಗುತ್ತದೆಯೇ? 8 ವಾರ ಬರೆದಿಟ್ಟು ನೋಡುವ ಬಗೆ

ಆಲ್ದೂರಿನ ಹತ್ತಿರದ ಒಂದು ಕಾಫಿ ತೋಟದಲ್ಲಿ ನಾನು 31 ವರ್ಷ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ ಆಗಿದ್ದೆ. ಆಳುಗಳ ಹಾಜರಿಯ ಚೆಕ್‌ರೋಲ್, ಬಟವಾಡೆ, ಗೊಬ್ಬರದ ಲೆಕ್ಕ, ಜೊತೆಗೆ ದಿನಾ ಬೆಳಿಗ್ಗೆ 8 ಗಂಟೆಗೆ ಮಳೆ ಅಳತೆ. ತೋಟದವರು ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆಯುತ್ತಾರೆ. ಒಂದು ದಿನ 4 ಇಂಚು ಹೊಡೆದರೆ ಊರೆಲ್ಲಾ ಅದೇ ಮಾತು. ಆದರೆ ಆ ವರ್ಷದ ಮಳೆ ಹೇಗಿತ್ತು ಎಂದು ತಿಳಿಯಬೇಕಾದರೆ ಪುಸ್ತಕ ತೆಗೆದು ಕೂಡಿಸಲೇಬೇಕು.

ಕೆಮ್ಮು, ಕಫದ ವಿಷಯವೂ ಹಾಗೇ ಎಂದು ನನಗೆ ಅರ್ಥವಾಗಲು ತಡವಾಯಿತು. ಕಫ ಸಡಿಲ ಮಾಡುವ ಒಂದು ಸಾಧನ ತೆಗೆದುಕೊಂಡು, ಅದರಿಂದ ನನಗೆ ನಿಜಕ್ಕೂ ಉಪಯೋಗ ಇದೆಯೇ ಎಂದು 8 ವಾರ ಬರೆದಿಟ್ಟು ನೋಡಿದೆ: ಎರಡು ವಾರ ಸಾಧನ ಇಲ್ಲದೆ, ನಾಲ್ಕು ವಾರ ಸಾಧನದ ಜೊತೆ, ಎರಡು ವಾರ ಮತ್ತೆ ಇಲ್ಲದೆ. ಅದನ್ನು ಹೇಗೆ ಮಾಡಿದೆ ಎಂದು ಇಲ್ಲಿ ಹೇಳುತ್ತೇನೆ. ವರ್ಷಗಟ್ಟಲೆ ಎದೆಯ ಕಾಯಿಲೆ ಇರುವ ದೊಡ್ಡವರಿಗಾಗಿ ಬರೆದದ್ದು ಇದು. ಮಕ್ಕಳ ವಿಷಯ ಬೇರೆ.

ನನಗೆ 27ನೇ ವಯಸ್ಸಿನಲ್ಲಿ ಟಿಬಿ ಬಂದಿತ್ತು. ಪೂರ್ತಿ ಮಾತ್ರೆ ತೆಗೆದುಕೊಂಡೆ, ವಾಸಿಯಾಯಿತು. ಆದರೆ ಬಲಗಡೆಯ ಶ್ವಾಸಕೋಶದಲ್ಲಿ ಗಾಯದ ಗುರುತು ಉಳಿಯಿತು. ಐವತ್ತು ದಾಟಿದ ಮೇಲೆ ಬೆಳಗಾದರೆ ಕಫ, ಮಳೆಗಾಲದಲ್ಲಿ ಎರಡೆರಡು ಸಲ ಜ್ವರ. ಬೇಲೂರಿನ ಮೇಲೆ ಹಾಸನಕ್ಕೆ ಹೋಗಿ ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ಬ್ರಾಂಕಿಯೆಕ್ಟೇಸಿಸ್ ಎಂದರು. ಉಸಿರಿನ ಕೊಳವೆಗಳು ಅಗಲವಾಗಿ, ಸಡಿಲವಾಗಿಬಿಡುತ್ತವೆ. ಕಫ ತಾನಾಗಿ ಮೇಲೆ ಬರುವುದಿಲ್ಲ. ನಿಂತ ಕಫದಲ್ಲಿ ಸೋಂಕು ಬೆಳೆಯುತ್ತದೆ, ಸೋಂಕಿನಿಂದ ಕೊಳವೆ ಇನ್ನಷ್ಟು ಕೆಡುತ್ತದೆ. ನಮ್ಮ ದೇಶದಲ್ಲಿ ಇದಕ್ಕೆ ಹಳೆಯ ಟಿಬಿ ದೊಡ್ಡ ಕಾರಣ. ಭಾರತದ 2,195 ರೋಗಿಗಳ ದಾಖಲೆಯೊಂದು 2019ರಲ್ಲಿ ಪ್ರಕಟವಾಯಿತು. ಅದರಲ್ಲಿ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಜನಕ್ಕೆ ಟಿಬಿಯೇ ಮೂಲವಾಗಿತ್ತು. ನನ್ನಂಥವರು ಊರೂರಲ್ಲಿ ಇದ್ದಾರೆ. ಎಷ್ಟೋ ಜನಕ್ಕೆ ಕಾಯಿಲೆಯ ಹೆಸರೇ ಗೊತ್ತಿಲ್ಲ.

ಮೂರು ಚೆಂಡಿನದ್ದು ಇದಲ್ಲ

ಡಾಕ್ಟರು "ಕಫ ತೆಗೆಯೋದಕ್ಕೆ ಊದುವ ಸಾಧನ ತಗೊಳ್ಳಿ" ಎಂದಿದ್ದರು. ಅಂಗಡಿಯಲ್ಲಿ ಕೇಳಿದೆ. ಮೂರು ಬಣ್ಣದ ಚೆಂಡು ಇರುವ ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಎರಡು ತಿಂಗಳು ನಿಷ್ಠೆಯಿಂದ ಚೆಂಡು ಎತ್ತಿದೆ. ಕಫ ಮಾತ್ರ ಇದ್ದಲ್ಲೇ ಇತ್ತು. ಆಮೇಲೆ ಚಿಕ್ಕಮಗಳೂರಿನಲ್ಲಿ ಫಿಸಿಯೋಥೆರಪಿಸ್ಟ್ ಮೇಡಂ ನೋಡಿ ಹೇಳಿದರು, "ಅಂಕಲ್, ಇದು ಉಸಿರು ಒಳಗೆ ಎಳೆಯೋದಕ್ಕೆ. ಆಪರೇಷನ್ ಆದವರಿಗೆ ಕೊಡ್ತಾರೆ. ನಿಮಗೆ ಬೇಕಾಗಿರೋದು ಹೊರಗೆ ಊದೋದು."

ಹಾಗಾಗಿ ಕೊಳ್ಳುವ ಮೊದಲು ಇದೊಂದು ಖಾತ್ರಿ ಮಾಡಿಕೊಳ್ಳಿ. ನಿಮಗೆ ಬೇಕಾದದ್ದು ಊದುವಾಗ ತಡೆ ಕೊಡುವ, ಜೊತೆಗೆ ಎದೆ ನಡುಗಿಸುವ ಸಾಧನ. ಡಾಕ್ಟರುಗಳು ಇದನ್ನು ಆಸಿಲೇಟಿಂಗ್ ಪಿಇಪಿ ಎನ್ನುತ್ತಾರೆ. ಚೀಟಿಯಲ್ಲಿ ಅದೇ ಹೆಸರು ಬರೆಸಿಕೊಳ್ಳಿ.

ಇದು ಕೆಲಸ ಮಾಡುವ ರೀತಿ ತೋಟದವರಿಗೆ ಬೇಗ ಅರ್ಥವಾಗುತ್ತದೆ. ಕಾಫಿ ಹೂ ಬಿಡಲು ಬೇಕಾದ ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್ ಹಾಕುತ್ತೇವಲ್ಲ, ಆ ಪೈಪಿನಲ್ಲಿ ಕೆಸರು ಕಟ್ಟಿದರೆ ಏನು ಮಾಡುತ್ತೇವೆ? ಹಿಂದಿನಿಂದ ನೀರಿನ ಒತ್ತಡ ಬಿಡುತ್ತೇವೆ, ಪೈಪನ್ನು ಹೊರಗಿನಿಂದ ತಟ್ಟುತ್ತೇವೆ. ಎದೆಯಲ್ಲೂ ಅದೇ. ತಡೆ ಇರುವುದರಿಂದ ಊದುವಾಗ ಒಳಗೆ ಒತ್ತಡ ನಿಲ್ಲುತ್ತದೆ. ಸಣ್ಣ ಕೊಳವೆಗಳು ಮುಚ್ಚಿಕೊಳ್ಳದೆ ತೆರೆದೇ ಇರುತ್ತವೆ, ಗಾಳಿ ಕಫದ ಹಿಂದಕ್ಕೆ ಹೋಗಿ ಸೇರುತ್ತದೆ. ನಡುಕದಿಂದ ಕಫ ಗೋಡೆ ಬಿಡುತ್ತದೆ. ಆಮೇಲೆ ಅದನ್ನು ಮೇಲೆ ತರುವ ಕೆಲಸ ನಮ್ಮದು.

ಮೂರು ಬಗೆಯವನ್ನು ನಾನು ನೋಡಿದ್ದೇನೆ. ಒಂದು, ಹುಕ್ಕಾದ ಪೈಪಿನ ಆಕಾರದ್ದು, ಒಳಗೆ ಉಕ್ಕಿನ ಗುಂಡು. ಫ್ಲಟರ್ ಎಂಬುದು ಈ ಬಗೆ. ಗುಂಡು ಭಾರದಿಂದ ಕೆಲಸ ಮಾಡುವುದರಿಂದ ಹಿಡಿಯುವ ಓರೆ ಸರಿಯಾಗಿರಬೇಕು, ಮಲಗಿ ಊದಲು ಕಷ್ಟ. ಎರಡು, ಒಳಗೆ ಅಯಸ್ಕಾಂತ ಇರುವುದು, ಅಕಾಪೆಲ್ಲಾ ಥರದ್ದು. ಇದನ್ನು ಹೇಗೆ ಹಿಡಿದರೂ ನಡೆಯುತ್ತದೆ, ಒಂದು ಮಗ್ಗುಲಲ್ಲಿ ಮಲಗಿಯೂ ಊದಬಹುದು. ಇದರಲ್ಲಿ ಹಸಿರು, ನೀಲಿ ಎಂದು ಎರಡು ಬರುತ್ತವೆ. ನಿಮಿಷಕ್ಕೆ 15 ಲೀಟರಿನ ವೇಗದಲ್ಲಿ 3 ಸೆಕೆಂಡು ಊದಲು ಶಕ್ತಿ ಇರುವವರಿಗೆ ಹಸಿರು, ಅಷ್ಟು ಆಗದವರಿಗೆ ನೀಲಿ. ಸುಮ್ನೆ ಬಣ್ಣ ನೋಡಿ ಆರಿಸುವುದಲ್ಲ. ಮೂರನೆಯದು ಬಾಟಲಿ. 10 ಸೆಂ.ಮೀ. ಎತ್ತರ ನೀರು, ಅದರೊಳಗೆ ಸುಮಾರು 1 ಸೆಂ.ಮೀ. ಅಗಲದ ಕೊಳವೆ, ಊದಿದರೆ ಗುಳ್ಳೆ. ಖರ್ಚು ಬಹಳ ಕಡಿಮೆ. ಆದರೆ ಕೊಳವೆ ಸಣ್ಣದಾದರೆ ಒತ್ತಡ ಮಿತಿ ಮೀರುತ್ತದೆ, ಬಾಟಲಿಯ ಬಾಯಿ ತೆರೆದಿರಬೇಕು, ಕೊಳವೆಯಿಂದ ಉಸಿರು ಒಳಗೆ ಎಳೆಯಲೇಬಾರದು. ಫಿಸಿಯೋಥೆರಪಿಸ್ಟ್ ಕಟ್ಟಿಕೊಟ್ಟು ತೋರಿಸಿದರೆ ಮಾತ್ರ ಮಾಡಿ.

ನನ್ನ ಬೆನ್ನು ಸ್ವಲ್ಪ ಬಾಗಿದೆ. ಗುಂಡಿನದ್ದನ್ನು ಓರೆಯಾಗಿ ಹಿಡಿದು ಕೂರಲು ಆಗಲಿಲ್ಲ. ಅಯಸ್ಕಾಂತದ್ದು ತೆಗೆದುಕೊಂಡೆ.

ಯಾರು ಊದಬಾರದು

ಇದನ್ನು ದಯವಿಟ್ಟು ಹಾರಿಸಿ ಓದಬೇಡಿ. ಕಫದಲ್ಲಿ ರಕ್ತ ಬರುತ್ತಿದ್ದರೆ ಬೇಡ. ಶ್ವಾಸಕೋಶದ ಸುತ್ತ ಗಾಳಿ ಸೇರಿಕೊಂಡಿದ್ದರೆ ಬೇಡವೇ ಬೇಡ. ಮುಖ, ಬಾಯಿ, ತಲೆ, ಅನ್ನನಾಳದ ಆಪರೇಷನ್ ಹೊಸದಾಗಿ ಆಗಿದ್ದರೆ, ಕಿವಿಯ ತಮಟೆ ತೂತಾಗಿದ್ದರೆ, ಸೈನಸ್ ಜೋರಾಗಿದ್ದರೆ, ಮೂಗಿನಲ್ಲಿ ರಕ್ತ ಸುರಿಯುತ್ತಿದ್ದರೆ, ಬಿ.ಪಿ. ನಿಲುಗಡೆಗೆ ಬಾರದಿದ್ದರೆ, ಕೂತಲ್ಲೇ ಏದುಸಿರು ಬಿಡುವಷ್ಟು ಸುಸ್ತಿದ್ದರೆ ಮೊದಲು ಡಾಕ್ಟರನ್ನು ಕೇಳಬೇಕು.

ಇನ್ನೊಂದು. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮಿದ್ದು ಕಫ ಪರೀಕ್ಷೆ ಆಗಿಲ್ಲದಿದ್ದರೆ, ಸಾಧನದ ಮಾತು ಬಿಟ್ಟು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಟಿಬಿ ಪರೀಕ್ಷೆ ಮಾಡಿಸಿ. ದುಡ್ಡು ಕೇಳುವುದಿಲ್ಲ. ನನಗೆ ಹಿಂದೆ ಆಗಿ ಹೋದ ಕಾಯಿಲೆ ಎಂದು ನಾನೂ ಸುಮ್ಮನಿರಲಿಲ್ಲ, ಮತ್ತೆ ಮಾಡಿಸಿದೆ.

ಕಫವೇ ಇಲ್ಲದ ಒಣ ಕೆಮ್ಮಿಗೆ ಇದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ನಮ್ಮ ಪಕ್ಕದ ಮನೆಯ ಅಕ್ಕನಿಗೆ ಸಿಒಪಿಡಿ, ಅಂದರೆ ಉಸಿರಿನ ಕೊಳವೆ ಕಿರಿದಾಗುವ ಕಾಯಿಲೆ. ಬೀಡಿ ಸೇದಿದವರಲ್ಲ, ನಲವತ್ತು ವರ್ಷ ಸೌದೆ ಒಲೆಯ ಹೊಗೆ ಕುಡಿದವರು. ನನ್ನದು ನೋಡಿ ಅವರೂ ಕೇಳಿದರು. ಅವರಿಗೆ ಇರುವುದು ದಮ್ಮು, ಕಫ ಅಲ್ಲ. ಮೇಡಂ ಅವರಿಗೆ ಬೇರೆ ವ್ಯಾಯಾಮ ಹೇಳಿಕೊಟ್ಟರು. ಸಿಒಪಿಡಿ ಇದ್ದೂ ದಿನಾ ಕಫ ಬರುವವರು ಇದ್ದಾರೆ, ಅವರು ಕೇಳಿ ನೋಡಬಹುದು.

ಮೊದಲ ಎರಡು ವಾರ: ಸಾಧನ ಡಬ್ಬಿಯಲ್ಲೇ ಇರಲಿ

ಹೊಸದು ಮನೆಗೆ ಬಂದ ದಿನವೇ ಊದಬೇಕು ಅನ್ನಿಸುತ್ತದೆ. ತಡೆದುಕೊಳ್ಳಿ. ಮೊದಲು ಹೇಗಿತ್ತು ಎಂದು ಬರೆದಿಲ್ಲದಿದ್ದರೆ ಆಮೇಲೆ ಹೇಗಾಯಿತು ಎಂದು ಯಾವುದರ ಪಕ್ಕ ಇಟ್ಟು ನೋಡುತ್ತೀರಿ?

ಹಾಗಂತ ಕಫ ತೆಗೆಯುವುದನ್ನೇ ನಿಲ್ಲಿಸಬಾರದು. ಮೇಡಂ ಕಲಿಸಿದ ಬರೀ ಉಸಿರಿನ ವಿಧಾನವನ್ನು ಬೆಳಿಗ್ಗೆ, ಸಂಜೆ ತಪ್ಪದೆ ಮಾಡಿದೆ. ಸ್ವಲ್ಪ ಹೊತ್ತು ಹಗುರ ಉಸಿರಾಟ, ಮೂರು ನಾಲ್ಕು ಸಲ ಆಳವಾಗಿ ಎಳೆದು ಮೂರು ಸೆಕೆಂಡು ಹಿಡಿದು ಬಿಡುವುದು, ಮತ್ತೆ ಹಗುರ ಉಸಿರಾಟ, ಕೊನೆಗೆ ಹಫ್. ಹಫ್ ಎಂದರೆ ಕೆಮ್ಮಲ್ಲ. ಕನ್ನಡಕ ಒರೆಸುವ ಮೊದಲು ಗಾಜಿನ ಮೇಲೆ ಬಾಯಿ ತೆರೆದು "ಹಾ" ಎಂದು ಆವಿ ಬಿಡುತ್ತೇವಲ್ಲ, ಹಾಗೆ, ಆದರೆ ಇನ್ನಷ್ಟು ಬಲವಾಗಿ. ಕೆಮ್ಮಿ ಕೆಮ್ಮಿ ಸುಸ್ತಾಗುವ ಬದಲು ಇದು ಕಫವನ್ನು ಗಂಟಲಿನವರೆಗೆ ತರುತ್ತದೆ. ಸಾಧನ ಇರಲಿ ಇಲ್ಲದಿರಲಿ, ಇದನ್ನು ಕಲಿಯದೆ ಕೆಲಸವಾಗುವುದಿಲ್ಲ.

ಪರೀಕ್ಷೆಗೆ ತಿಂಗಳು ಆರಿಸುವುದೂ ಮುಖ್ಯ. ನಾನು ಸೆಪ್ಟೆಂಬರ್ ಮಧ್ಯದಿಂದ ನವೆಂಬರ್ ಮಧ್ಯದವರೆಗೆ ಇಟ್ಟುಕೊಂಡೆ. ಜುಲೈ, ಆಗಸ್ಟಿನ ಮಳೆಯಲ್ಲಿ ನನಗೆ ಸೋಂಕು ತಪ್ಪುವುದಿಲ್ಲ. ಡಿಸೆಂಬರ್ ಬಂದರೆ ಕಾಫಿ ಕೊಯ್ಲು, ಧೂಳು, ಬೆಳಗಿನ ಮಂಜು. ನಡುವಿನ ಎರಡು ತಿಂಗಳಲ್ಲಿ ಹವೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಜ್ವರ ಇರುವಾಗ, ಆ್ಯಂಟಿಬಯಾಟಿಕ್ ನಡೆಯುತ್ತಿರುವಾಗ ಶುರು ಮಾಡಬೇಡಿ. ಕೋರ್ಸ್ ಮುಗಿದು ಮೂರು ನಾಲ್ಕು ವಾರ ಕಳೆಯಲಿ.

ಏನೇನು ಬರೆಯಬೇಕು

ಉದ್ದ ಗೆರೆಯ ನೋಟ್‌ಬುಕ್ ಒಂದು, ನೀಲಿ ಪೆನ್ನು, ಕೆಂಪು ಪೆನ್ನು. ಜಾಸ್ತಿ ಕಾಲಂ ಹಾಕಿದರೆ ಹತ್ತನೇ ದಿನಕ್ಕೆ ಬೇಸರ ಬಂದು ಬಿಟ್ಟುಬಿಡುತ್ತೀರಿ. ನಾನು ಐದು ಹಾಕಿದೆ.

ಮೊದಲನೆಯದು ಬೆಳಗಿನ ಕಫದ ಅಳತೆ. ಮೆಡಿಕಲ್ ಸ್ಟೋರಿನಲ್ಲಿ ಗೆರೆ ಇರುವ, ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ. ಅದರಲ್ಲೇ ಉಗುಳಿ, ಎಷ್ಟು ಎಂ.ಎಲ್. ನೋಡಿ, ಟಾಯ್ಲೆಟ್‌ಗೆ ಹಾಕಿ ನೀರು ಬಿಡಿ. ಜೊಲ್ಲು ಸೇರುವುದರಿಂದ ಈ ಲೆಕ್ಕ ಪೂರ್ತಿ ನಿಖರ ಅಲ್ಲ. ಸ್ವಲ್ಪ ನುಂಗಿಯೂ ಬಿಡುತ್ತೇವೆ. ಅದಕ್ಕೇ ಇದೊಂದನ್ನೇ ನಂಬಬೇಡಿ.

ಎರಡನೆಯದು ಬಣ್ಣ. ಬಿಳಿ, ತಿಳಿ ಹಳದಿ, ಗಾಢ ಹಳದಿ ಅಥವಾ ಹಸಿರು. ಗಾಢವಾಗುತ್ತಾ ಹೋದರೆ, ಜೊತೆಗೆ ಜ್ವರವೋ ಸುಸ್ತೋ ಇದ್ದರೆ ಪರೀಕ್ಷೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗುವುದು.

ಮೂರನೆಯದನ್ನು ನಾನೇ ಮಾಡಿಕೊಂಡೆ, ನನಗೆ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದೂ ಅದೇ. ಬೆಳಿಗ್ಗೆ ಅಂಗಿಯ ಬಲ ಜೇಬಿಗೆ 20 ಕಾಫಿ ಬೀಜ ಹಾಕಿಕೊಳ್ಳುತ್ತಿದ್ದೆ. ದಿನದಲ್ಲಿ ಎದ್ದು ಹೋಗಿ ಕಫ ಉಗುಳಬೇಕಾದಾಗಲೆಲ್ಲಾ ಒಂದು ಬೀಜ ಎಡ ಜೇಬಿಗೆ. ಬೆಳಿಗ್ಗೆ, ಸಂಜೆ ಕೂತು ತೆಗೆಯುವ ಕಫ ಇದರಲ್ಲಿ ಸೇರುವುದಿಲ್ಲ. ರಾತ್ರಿ ಎಡ ಜೇಬಿನ ಬೀಜ ಎಣಿಸಿ ಬರೆಯುವುದು. ಎಂಟು ಎಂ.ಎಲ್. ಕಮ್ಮಿಯಾಯಿತೋ ಹತ್ತು ಎಂ.ಎಲ್. ಕಮ್ಮಿಯಾಯಿತೋ ಎನ್ನುವುದು ಯಾರಿಗೆ ಬೇಕು? ಮದುವೆ ಮನೆಯ ಪಂಕ್ತಿಯಲ್ಲಿ ಕೂತು, ಮಧ್ಯೆ ಎದ್ದು ಹೋಗದೆ ಊಟ ಮುಗಿಸಲು ಆಯಿತೇ ಎನ್ನುವುದು ನಮಗೆ ಬೇಕಾದದ್ದು. ಅದು ಬೀಜದ ಲೆಕ್ಕದಲ್ಲಿ ಕಾಣುತ್ತದೆ.

ನಾಲ್ಕನೆಯದು ರಾತ್ರಿ ಕೆಮ್ಮಿಗೆ ಎಷ್ಟು ಸಲ ಎಚ್ಚರವಾಯಿತು. ಐದನೆಯದು ಕಫ ತೆಗೆಯಲು ಕೂತ ನಿಮಿಷ, ಎಷ್ಟು ಹೊತ್ತಿಗೆ ಎದೆ ಹಗುರವಾಯಿತು.

ವಾರಕ್ಕೊಮ್ಮೆ ಭಾನುವಾರ ಸಿಎಟಿ ಎಂಬ ಹಾಳೆ ತುಂಬಿದೆ. ಕೆಮ್ಮು, ಕಫ, ದಮ್ಮು ಎಷ್ಟು ಕಾಡುತ್ತಿದೆ ಎಂದು ಕೇಳುವ ಹಾಳೆ ಅದು. ಮೇಡಂ ಕೊಟ್ಟಿದ್ದರು. 8 ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 5, ಒಟ್ಟು 40. ಜಾಸ್ತಿ ಬಂದಷ್ಟೂ ತೊಂದರೆ ಜಾಸ್ತಿ ಎಂದರ್ಥ. ಸಿಒಪಿಡಿ ಇರುವವರಲ್ಲಿ 2 ಅಂಕ ಇಳಿದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಶುರುವಿಗೆ ಒಮ್ಮೆ, ಪ್ರತಿ ಹಂತದ ಕೊನೆಗೆ ಒಮ್ಮೆ 6 ನಿಮಿಷದ ನಡಿಗೆ. ಇದಕ್ಕೆ 30 ಮೀಟರ್ ಸಮತಟ್ಟು ಜಾಗ ಬೇಕು. ನಮ್ಮ ಕಡೆ ಅಂಥ ಜಾಗ ಎಲ್ಲಿದೆ? ಮನೆ ಬಿಟ್ಟರೆ ಏರು, ಇಲ್ಲವೇ ಇಳಿಜಾರು. ನಾನು ಹಳೆಯ ತೋಟದ ಕಾಫಿ ಒಣಗಿಸುವ ಕಣ ಕೇಳಿಕೊಂಡೆ. ಸಿಮೆಂಟಿನ ಕಣ, ಆ ತಿಂಗಳುಗಳಲ್ಲಿ ಖಾಲಿ ಇರುತ್ತದೆ. ಟೇಪು ಹಿಡಿದು 30 ಮೀಟರಿಗೆ ಎರಡು ಕಲ್ಲು ಇಟ್ಟು, ಆ ಕಲ್ಲಿಂದ ಈ ಕಲ್ಲಿಗೆ ನಡೆದೆ. ಮನೆಯವರು ಗಡಿಯಾರ ಹಿಡಿದು ನಿಂತಿದ್ದರು. ಒಬ್ಬರೇ ಮಾಡಬೇಡಿ. ಎದೆ ನೋವು, ತಲೆ ಸುತ್ತು ಬಂದರೆ ಅಲ್ಲೇ ನಿಲ್ಲಿ. ಮೊದಲಿಗಿಂತ ಸುಮಾರು 30 ಮೀಟರ್ ಜಾಸ್ತಿ ಹೋದರೆ ನಿಜವಾದ ಬದಲಾವಣೆ ಎನ್ನಬಹುದು. ಐದು ಹತ್ತು ಮೀಟರ್ ಆ ದಿನದ ಹುಮ್ಮಸ್ಸು ಅಷ್ಟೇ.

ಕೆಂಪು ಪೆನ್ನು ಬೇರೆ ಕೆಲಸಕ್ಕೆ. ನೆಗಡಿ, ಧೂಳು, ದೂರದ ಪ್ರಯಾಣ, ಹೊಸ ಮಾತ್ರೆ, ಒಲೆಯ ಹೊಗೆ, ಏನೇ ವಿಶೇಷ ನಡೆದರೂ ಆ ದಿನದ ಪಕ್ಕ ಕೆಂಪಿನಲ್ಲಿ ಬರೆಯಿರಿ. ಈ 8 ವಾರದಲ್ಲಿ ಡಾಕ್ಟರು ಹೇಳದೆ ಪಫ್ (ಬಾಯಿಂದ ಎಳೆದುಕೊಳ್ಳುವ ಔಷಧಿ) ಬದಲಿಸುವುದು, ಉಪ್ಪುನೀರಿನ ನೆಬ್ಯುಲೈಸರ್ ಹೊಸದಾಗಿ ಶುರು ಮಾಡುವುದು ಬೇಡ. ಎರಡು ಗೊಬ್ಬರ ಒಟ್ಟಿಗೆ ಹಾಕಿದರೆ ಗಿಡ ಚಿಗುರಿದ್ದು ಯಾವುದರಿಂದ ಎಂದು ಹೇಳಲು ಆಗುವುದಿಲ್ಲ, ಅಲ್ವಾ?

ಮೊದಲ ಸಲ ಊದುವುದು

ಮೊದಲ ಸಲ ಮನೆಯಲ್ಲಿ ಬೇಡ. ಫಿಸಿಯೋಥೆರಪಿಸ್ಟ್ ಎದುರಿಗೇ ಆಗಲಿ. ನನಗೆ ಊದುವ ಮೊದಲು, ಮಧ್ಯೆ, ಮುಗಿದ ಮೇಲೆ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಿದರು. ಕೆಲವರಿಗೆ ಊದಿದ ಮೇಲೆ ಎದೆ ಬಿಗಿದು ಸುಯ್ಯ್ ಎನ್ನುತ್ತದೆ, ಅದನ್ನೂ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಆಕ್ಸಿಜನ್ 88ಕ್ಕಿಂತ ಕೆಳಗೆ ಇಳಿದರೆ ಅಲ್ಲಿಗೇ ನಿಲ್ಲಿಸಬೇಕು ಎಂದು ನನಗೆ ಗಡಿ ಹಾಕಿಕೊಟ್ಟರು. ನಿಮ್ಮ ಗಡಿ ಎಷ್ಟು ಎಂದು ಕೇಳಿ ಬರೆದುಕೊಳ್ಳಿ. ಮನೆಯಲ್ಲಿ ನೋಡುವಾಗ ಒಂದು ಎಚ್ಚರ. ನಮ್ಮ ಚಳಿಗೆ ಬೆರಳು ಮರಗಟ್ಟಿದ್ದರೆ ಆಕ್ಸಿಮೀಟರ್ ತಪ್ಪು ತೋರಿಸುತ್ತದೆ. ಎರಡೂ ಅಂಗೈ ಚೆನ್ನಾಗಿ ಉಜ್ಜಿ ಬೆಚ್ಚಗೆ ಮಾಡಿಕೊಂಡು ಹಾಕಿ. ಉಗುರಿಗೆ ಬಣ್ಣ ಇರಬಾರದು.

ಊದುವ ಕ್ರಮ ಹೀಗೆ. ಉಸಿರಿನ ಕೊಳವೆ ಹಿಗ್ಗಿಸುವ ಪಫ್ ಇದ್ದರೆ ಅದನ್ನು ತೆಗೆದುಕೊಂಡು 15 ನಿಮಿಷ ಬಿಡಿ. ಸ್ಟೆರಾಯ್ಡ್ ಪಫ್ ಇದ್ದರೆ ಕಫ ತೆಗೆದ ಮೇಲೆ. ಹೊಟ್ಟೆ ತುಂಬಿರಬಾರದು. ಕುರ್ಚಿಯಲ್ಲಿ ನೆಟ್ಟಗೆ ಕೂತು ಮೊಣಕೈ ಮೇಜಿನ ಮೇಲೆ ಊರಿ. ಮಾಮೂಲಿಗಿಂತ ಸ್ವಲ್ಪ ಆಳವಾಗಿ ಎಳೆದುಕೊಳ್ಳಿ, ಎದೆ ಬಿರಿಯುವಷ್ಟು ಬೇಡ. 2-3 ಸೆಕೆಂಡು ಹಿಡಿಯಿರಿ. ತುಟಿ ಬಿಗಿಯಾಗಿ ಮುಚ್ಚಿ ಊದಿ. ಊದುವುದು ಎಳೆದದ್ದಕ್ಕಿಂತ ಮೂರು ನಾಲ್ಕು ಪಟ್ಟು ಉದ್ದ ಇರಲಿ. ಪೂರ್ತಿ ಖಾಲಿಯಾಗುವವರೆಗೆ ಹಿಂಡಬೇಡಿ. ಕೆನ್ನೆ ಬಿಗಿಯಾಗಿರಬೇಕು. ಕೆನ್ನೆ ಉಬ್ಬಿದರೆ ನಡುಕವೆಲ್ಲಾ ಬಾಯಲ್ಲೇ ಮುಗಿದುಹೋಗುತ್ತದೆ. ನಾನು ಮೊದಲ ವಾರ ಇದೇ ತಪ್ಪು ಮಾಡಿದೆ. ಇನ್ನೊಂದು ಕೈಯನ್ನು ಎದೆಯ ಮೇಲೆ ಇಟ್ಟುಕೊಳ್ಳಿ. ನಡುಕ ಅಂಗೈಗೆ ಗೊತ್ತಾಗಬೇಕು.

ಹೀಗೆ 10 ಉಸಿರು. ಆಮೇಲೆ ಸಾಧನ ಕೆಳಗಿಟ್ಟು ಹಗುರ ಉಸಿರಾಟ. ಎರಡು ಮೂರು ಹಫ್. ಕಫ ಮೇಲೆ ಬಂದರೆ ಕೆಮ್ಮಿ ಉಗುಳಿ. ಮತ್ತೆ 10. ಎಲ್ಲಾ ಸೇರಿ 15-20 ನಿಮಿಷ, ದಿನಕ್ಕೆ ಎರಡು ಸಲ. ತಲೆ ಹಗುರವಾದ ಹಾಗೆ, ತುಟಿ ಜುಮ್ಮೆಂದ ಹಾಗೆ ಆದರೆ ಜೋರಾಗಿ, ಬೇಗ ಬೇಗ ಊದುತ್ತಿದ್ದೀರಿ ಎಂದರ್ಥ. ನಿಲ್ಲಿಸಿ, ಸುಧಾರಿಸಿಕೊಳ್ಳಿ.

ತಡೆ ಹೆಚ್ಚುಕಡಿಮೆ ಮಾಡುವ ತಿರುಗಣೆ ಎಲ್ಲಿಗೆ ಇಡಬೇಕು? ಕಡಿಮೆ ತಡೆಯಿಂದ ಶುರು ಮಾಡಿ. ಊದಿದ್ದು 3 ಸೆಕೆಂಡಿನ ಒಳಗೇ ಮುಗಿದುಹೋದರೆ ಒಂದು ಗೆರೆ ಏರಿಸಿ. ಮುಖ ಕೆಂಪಾಗಿ, ಕುತ್ತಿಗೆಯ ನರ ಉಬ್ಬಿ ತಳ್ಳಬೇಕಾದರೆ ಒಂದು ಗೆರೆ ಇಳಿಸಿ. 3-4 ಸೆಕೆಂಡು ಸಲೀಸಾಗಿ ಊದಲು ಆಗಿ, ಎದೆಯಲ್ಲಿ ನಡುಕ ಚೆನ್ನಾಗಿ ತಿಳಿಯುವ ಜಾಗವೇ ನಿಮ್ಮದು. ಆ ಗೆರೆಯ ಸಂಖ್ಯೆ ನೋಟ್‌ಬುಕ್ಕಿನಲ್ಲಿ ಬರೆದು, ಕೊನೆಯವರೆಗೆ ಅದನ್ನೇ ಇಟ್ಟುಕೊಳ್ಳಿ.

ನಾಲ್ಕು ವಾರ ಸಾಧನ, ಎರಡು ವಾರ ಮತ್ತೆ ಮೊದಲಿನಂತೆ

ಮೊದಲ ವಾರ ನನಗೆ ಕಫ ಜಾಸ್ತಿಯಾಯಿತು. 25 ಎಂ.ಎಲ್. ಹತ್ತಿರ ಇದ್ದದ್ದು 35 ದಾಟಿತು. ಮನೆಯವರು ಹೆದರಿದರು. "ರೀ, ಇದು ಕಫ ಇನ್ನೂ ಜಾಸ್ತಿ ಮಾಡ್ತಿದೆ, ಬಿಟ್ಟುಬಿಡಿ" ಎಂದರು. ಮೇಡಂಗೆ ಫೋನ್ ಮಾಡಿದೆ. ಬಣ್ಣ ಕೇಳಿದರು, ಜ್ವರ ಕೇಳಿದರು. ಬಣ್ಣ ಮೊದಲಿನದೇ, ಜ್ವರ ಇಲ್ಲ. "ಹಳೇದು ಹೊರಗೆ ಬರ್ತಿದೆ ಅಂಕಲ್, ಮುಂದುವರಿಸಿ" ಎಂದರು. ಎರಡನೇ ವಾರದ ಕೊನೆಗೆ ಇಳಿಯತೊಡಗಿತು. ನಾಲ್ಕನೇ ವಾರಕ್ಕೆ 15ರ ಆಸುಪಾಸು. ಮೊದಲ ವಾರಕ್ಕೇ ತೀರ್ಮಾನ ಮಾಡಿದ್ದರೆ ಅದು ಇವತ್ತು ಅಟ್ಟದ ಮೇಲೆ ಇರುತ್ತಿತ್ತು.

ಎಡ ಜೇಬಿನ ಬೀಜ ಮೊದಲೆರಡು ವಾರ ದಿನಕ್ಕೆ 9-10 ಇರುತ್ತಿತ್ತು. ಸಾಧನದ ನಾಲ್ಕನೇ ವಾರಕ್ಕೆ 4. ಬೆಳಿಗ್ಗೆ ಕೂರುವ ಸಮಯ 35 ನಿಮಿಷದಿಂದ 20ಕ್ಕೆ ಬಂತು. ಸಿಎಟಿ 22 ಇದ್ದದ್ದು 18. ನಡಿಗೆ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇತ್ತು.

ಆಮೇಲಿನ ಎರಡು ವಾರ ಸಾಧನ ತೆಗೆದಿಟ್ಟು ಮತ್ತೆ ಬರೀ ಉಸಿರಿನ ವಿಧಾನಕ್ಕೆ ಬಂದೆ. ಡಾಕ್ಟರ ಒಪ್ಪಿಗೆ ಪಡೆದೇ ಮಾಡಿದ್ದು. ಈ ಹಂತ ಬಿಡಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಹವೆ ಚೆನ್ನಾಗಿದ್ದದ್ದಕ್ಕೇ ಆರಾಮಾಗಿತ್ತೋ, ಸಾಧನದಿಂದ ಆರಾಮಾಗಿತ್ತೋ ಎನ್ನುವುದು ಇಲ್ಲಿ ಗೊತ್ತಾಗುತ್ತದೆ. ಬೀಜ 4ರಿಂದ 7ಕ್ಕೆ ಏರಿತು. ಹತ್ತಕ್ಕೆ ಹೋಗಲಿಲ್ಲ. ಅಂದರೆ ನನಗಾದ ಲಾಭದಲ್ಲಿ ಸಾಧನದ ಪಾಲೂ ಇದೆ, ದಿನಾ ಎರಡು ಸಲ ತಪ್ಪದೆ ಕೂತದ್ದರ ಪಾಲೂ ಇದೆ. ಹೀಗೆ ಓದಿಕೊಳ್ಳುವುದು ನ್ಯಾಯ ಎಂದು ನನಗೆ ಅನ್ನಿಸುತ್ತದೆ.

ಎಡಿನ್‌ಬರೋದ ವೈದ್ಯರು ನನ್ನಂಥದ್ದೇ ಕಾಯಿಲೆಯ 20 ಜನರಲ್ಲಿ ಅಯಸ್ಕಾಂತದ ಸಾಧನವನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ದಿನಕ್ಕೆ ಎರಡು ಸಲದಂತೆ 3 ತಿಂಗಳು ಮಾಡಿದ್ದು, 3 ತಿಂಗಳು ಮಾಡದೇ ಇದ್ದದ್ದು, ಎರಡನ್ನೂ ಅದೇ ಜನರಲ್ಲಿ ಹೋಲಿಸಿದ್ದರು. ಕೆಮ್ಮಿನ ಕಾಟ ಕಡಿಮೆಯಾಗಿತ್ತು, ಕಫ ಚೆನ್ನಾಗಿ ಹೊರಬಂದಿತ್ತು. ಆದರೆ ಊದಿ ಅಳೆಯುವ ಸ್ಪೈರೋಮೆಟ್ರಿಯ ಅಂಕಿ ಬದಲಾಗಿರಲಿಲ್ಲ. ಕೆಟ್ಟ ಶ್ವಾಸಕೋಶವನ್ನು ಇದು ಹೊಸದಾಗಿ ಮಾಡಿಕೊಡುವುದಿಲ್ಲ. ಆ ಆಸೆ ಇಟ್ಟುಕೊಂಡು ಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕೆಂಪು ಪೆನ್ನಿನಿಂದ ನಾನು ಹುಡುಕದೇ ಇದ್ದ ಒಂದು ಸಂಗತಿ ಸಿಕ್ಕಿತು. ಬಚ್ಚಲ ಹಂಡೆಗೆ ನಾನೇ ಬೆಂಕಿ ಹಾಕಿದ ದಿನಗಳಲ್ಲಿ ಎಡ ಜೇಬಿನ ಬೀಜ ಎರಡು ಮೂರು ಜಾಸ್ತಿ. ಹಸಿ ಸೌದೆ, ಬಗ್ಗಿ ಊದುವುದು, ಬಚ್ಚಲ ತುಂಬಾ ಹೊಗೆ. ಚಿಕ್ಕಂದಿನಿಂದ ಮಾಡಿಕೊಂಡು ಬಂದ ಕೆಲಸ, ಅನುಮಾನವೇ ಬಂದಿರಲಿಲ್ಲ. ಈಗ ಸ್ನಾನದ ನೀರಿಗೆ ಗ್ಯಾಸ್ ಗೀಸರ್ ಹಾಕಿಸಿದ್ದೇವೆ, ಬಚ್ಚಲಿನ ಹೊರಗೆ. ಮನೆಯವರಿಗೂ ಹೊಗೆ ತಪ್ಪಿತು.

ತೊಳೆಯುವುದು

ಇದರಲ್ಲಿ ಉದಾಸೀನ ಮಾಡಿದರೆ ಸಾಧನವೇ ಸೋಂಕಿನ ಗೂಡಾಗುತ್ತದೆ. ಒದ್ದೆ ಪ್ಲಾಸ್ಟಿಕ್ಕಿನಲ್ಲಿ ಬೆಳೆಯುವ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ನಮ್ಮಂಥ ಎದೆಗೆ ಒಮ್ಮೆ ಹೊಕ್ಕರೆ ಸುಲಭಕ್ಕೆ ಬಿಡುವುದಿಲ್ಲ. ದಿನಾ ಬಿಚ್ಚಿ, ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ ಜಾಲಿಸಿ. ಕುದಿಸಬಹುದೇ ಎನ್ನುವುದು ಸಾಧನದಿಂದ ಸಾಧನಕ್ಕೆ ಬೇರೆ. ಜೊತೆಗೆ ಬಂದ ಹಾಳೆಯಲ್ಲಿ ಬರೆದ ಹಾಗೇ ಮಾಡಿ. ನೀರು ಝಾಡಿಸಿ, ತೊಳೆದ ಬಟ್ಟೆಯ ಮೇಲೆ ಗಾಳಿಯಾಡುವ ಕಡೆ ಒಣಗಿಸಿ. ಮಳೆಗಾಲದಲ್ಲಿ ನಮ್ಮಲ್ಲಿ ಎಲ್ಲವನ್ನೂ ಒಲೆಯ ಮೇಲಿನ ಅಟ್ಟಕ್ಕೆ ಹಾಕುವ ರೂಢಿ. ಇದನ್ನು ಹಾಕಬೇಡಿ, ಹೊಗೆ ಹಿಡಿಯುತ್ತದೆ. ಒದ್ದೆ ಇದ್ದಾಗ ಡಬ್ಬಿಗೆ ತುಂಬಲೂಬೇಡಿ. ಬಾಟಲಿಯದ್ದಾದರೆ ನೀರು ದಿನಾ ಬದಲಿಸಬೇಕು.

ಒಂದು ಸಾಧನ ಒಬ್ಬರಿಗೆ ಮಾತ್ರ. ನಮ್ಮ ಕಡೆ ಏಣಿ, ಹಾರೆ, ಮಿಕ್ಸಿ ಎಲ್ಲವೂ ಮನೆಯಿಂದ ಮನೆಗೆ ಓಡಾಡುತ್ತವೆ. ಭಾವಮೈದುನ ಒಮ್ಮೆ "ಭಾವ, ಒಂದು ವಾರ ಕೊಡಿ, ನೋಡಿ ವಾಪಸ್ ಕೊಡ್ತೀನಿ" ಎಂದು ಕೇಳಿದ. ಕೊಡಲಿಲ್ಲ. ಅವನನ್ನು ಕರೆದುಕೊಂಡು ಮೇಡಂ ಹತ್ತಿರ ಹೋದೆ.

ಡಾಕ್ಟರಿಗೆ ಒಂದೇ ಪುಟ

8 ವಾರದ ನೋಟ್‌ಬುಕ್ ಪೂರ್ತಿ ಓದಲು ಯಾವ ಡಾಕ್ಟರಿಗೂ ಪುರುಸೊತ್ತು ಇರುವುದಿಲ್ಲ. ಕೊನೆಯ ಪುಟದಲ್ಲಿ ಮೂರು ಕಾಲಂ ಮಾಡಿ: ಮೊದಲ ಎರಡು ವಾರ, ಸಾಧನದ ನಾಲ್ಕು ವಾರ, ಕೊನೆಯ ಎರಡು ವಾರ. ಪ್ರತಿಯೊಂದಕ್ಕೂ ಕಫ, ಬೀಜ, ರಾತ್ರಿ ಎಚ್ಚರ, ಕೂತ ನಿಮಿಷ, ಇವುಗಳ ಸರಾಸರಿ. ಕೆಳಗೆ ಸಿಎಟಿ, ನಡಿಗೆ. ಸಾಧನದ ಮೊದಲ ವಾರವನ್ನು ಸರಾಸರಿಗೆ ಸೇರಿಸದೆ ಬೇರೆ ತೋರಿಸಿ. ಎಷ್ಟು ದಿನ ತಪ್ಪಿಸಿದಿರಿ ಎನ್ನುವುದನ್ನೂ ಬರೆಯಿರಿ. ನಾನು ಐದು ದಿನ ತಪ್ಪಿಸಿದ್ದೆ, ಬರೆದೆ.

ಹಾಸನದಲ್ಲಿ ಡಾಕ್ಟರು ಆ ಪುಟವನ್ನು ಎರಡು ಸಲ ನೋಡಿದರು. ಫೋಟೋ ತೆಗೆದುಕೊಂಡರು. ಸಾಧನ ಮುಂದುವರಿಸಿ, ನಡಿಗೆ ಏರಿಲ್ಲ, ಅದಕ್ಕೆ ಕಾಲಿನ ವ್ಯಾಯಾಮ ಬೇರೆ ಬೇಕು ಎಂದು ಬರೆದುಕೊಟ್ಟರು. ಅದನ್ನು ಶುರು ಮಾಡಿ ಮೂರು ವಾರವಾಯಿತು.

ಈಗ ಕೊಯ್ಲು ಶುರುವಾಗಿದೆ. ಕಣದ ತುಂಬಾ ಕಾಫಿ ಹರಡಿದ್ದಾರೆ, ನಡೆಯಲು ಜಾಗ ಇಲ್ಲ. ಮಾರ್ಚ್ ಕೊನೆಗೆ ಕಣ ಖಾಲಿಯಾಗುತ್ತದೆ. ಆಗ ಮತ್ತೆ ಟೇಪು ಹಿಡಿದು ಎರಡು ಕಲ್ಲು ಇಡಬೇಕು.